ಲಿಮಿಟ್ ಸ್ವಿಚ್ಚೂ ಶೇಷಗಿರಿ ಸಾಹೇಬರೂ

ಮೆಂಟೆನೆನ್ಸ್ ಎಲೆಕ್ಟ್ರಿಷಿಯನ್ ಆಗಿ ಹೊಸದಾಗಿ ಕಾರ್ಖಾನೆಗೆ ಸೇರುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ: ನಿಮ್ಮನ್ನು ಯಾರೂ ಹೊಗಳುವುದಿಲ್ಲ. ಯಂತ್ರ ಓಡುತ್ತಿದ್ದರೆ ಅದು ಪ್ರೊಡಕ್ಷನ್‌ನವರ ಸಾಮರ್ಥ್ಯ, ನಿಂತರೆ ನಿಮ್ಮ ಅಯೋಗ್ಯತನ. ನಾನು ಸೇರಿದ ದಿನ ಹೀಗಿತ್ತು, ಬಿಟ್ಟ ದಿನವೂ ಹೀಗೇ ಇತ್ತು. ಬಡ್ತಿ, ಬೀಳ್ಕೊಡುಗೆಯ ಶಾಲು, ಗುಂಪು ಫೋಟೋ ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬರೆಯುವಷ್ಟು ಇರಲೂ ಇಲ್ಲ. ಬರೆಯಹೊರಟಿರುವುದು ಅಂಗೈಯಲ್ಲಿ ಹಿಡಿಸುವ ಒಂದು ವಸ್ತುವಿನ ಬಗ್ಗೆ, ಅದನ್ನು ಕಂಡರಾಗದ ಒಬ್ಬ ಸಾಹೇಬರ ಬಗ್ಗೆ, ಮತ್ತು ಹತ್ತು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದ ಒಂದು ತಪ್ಪಿನ ಬಗ್ಗೆ.

ನಮ್ಮ ಮನೆ ಮರ್ಫಿ ಟೌನಿನಲ್ಲಿ. ಕಾರ್ಖಾನೆ ಕೃಷ್ಣರಾಜಪುರ ದಾಟಿದ ಮೇಲೆ, ಹಳೇ ಮದ್ರಾಸ್ ರಸ್ತೆಯ ಪಕ್ಕದಲ್ಲಿ. ತಗಡಿನ ಹಾಳೆಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಫ್ರಿಜ್ಜಿನ ಬಾಗಿಲು, ಕೂಲರಿನ ಮುಚ್ಚಳ ಇಂಥವನ್ನು ಮಾಡಿಕೊಡುವ ಜಾಗ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ಅಲ್ಲಿ ಐದಾರು ವರ್ಷದ ಹಳಬ. ನನ್ನ ತಾಯಿ ಬೀದಿಯಲ್ಲಿ ಎಲ್ಲರಿಗೂ ‘ನಮ್ ಪಿಳ್ಳರಾಜು ಫ್ಯಾಕ್ಟ್ರೀಲಿ ಸ್ವಿಚ್ ಹಾಕ್ತಾನೆ’ ಎಂದು ಹೇಳಿಕೊಂಡು ಬಂದಿದ್ದಳು. ನಾನು ಬೆಳಗ್ಗೆ ಹೋಗಿ ದೀಪ ಹಾಕಿ ಸಂಜೆ ಆರಿಸಿ ಬರುತ್ತೇನೆಂದೇ ಬಹಳ ಜನ ತಿಳಿದಿದ್ದರು. ಇಷ್ಟಕ್ಕೂ ಸಂಬಳ ಕೊಡುತ್ತಾರಾ ಎಂದು ಒಬ್ಬಾಕೆ ಕೇಳಿಯೂ ಕೇಳಿದ್ದಳು.

ಲಿಮಿಟ್ ಸ್ವಿಚ್ಚನ್ನು ಬೆರಳಿನಿಂದ ಒತ್ತುವವರಿಲ್ಲ, ಯಂತ್ರವೇ ಒತ್ತುತ್ತದೆ. ಒಂದು ಪುಟ್ಟ ಡಬ್ಬಿ, ಅದಕ್ಕೊಂದು ಸಣ್ಣ ತೋಳು, ತೋಳಿನ ತುದಿಗೆ ಒಂದು ಚಕ್ರ. ಚಲಿಸುವ ಭಾಗ ಬಂದು ಆ ಚಕ್ರವನ್ನು ತಳ್ಳಿದರೆ ಒಳಗಿನ ಸಂಪರ್ಕ ಬದಲಾಗಿ ಮೋಟಾರ್ ನಿಲ್ಲುತ್ತದೆ. ನೀವು ಹತ್ತುವ ಲಿಫ್ಟು ಛಾವಣಿಯನ್ನು ಒಡೆದುಕೊಂಡು ಹೋಗದೆ ಇರುವುದು ಇದರ ಕೃಪೆ. ನಮ್ಮ ಫೋರ್‌ಮನ್ ಬಸಲಿಂಗಪ್ಪನವರು ಗದಗಿನ ಕಡೆಯವರು. ಮೊದಲ ವಾರವೇ ನನ್ನ ಕೈಗೆ ಒಂದು ಸ್ವಿಚ್ ಕೊಟ್ಟು ಹೇಳಿದ್ದರು:

“ತಮ್ಮಾ, ಮಷೀನಿಗೆ ಕಣ್ಣಿಲ್ಲ, ಬುದ್ಧೀನೂ ಇಲ್ಲ. ಮುಂದ ಗ್ವಾಡಿ ಐತಿ, ನಿಂದ್ರು ಅಂತ ಹೇಳಾಂವ ಇಂವೊಬ್ಬನ. ಇಂವನ ಬಾಯಿ ಕಟ್ಟಿದ್ರ ಮುಂದಿನ ಸುದ್ದಿ ದವಾಖಾನಿಂದ ಬರತೈತಿ.”

ಪ್ರೊಡಕ್ಷನ್ ಮ್ಯಾನೇಜರ್ ಶೇಷಗಿರಿಯವರ ಅಭಿಪ್ರಾಯ ಬೇರೆ ಇತ್ತು. ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಸದಾ ಸ್ಟಾಪ್‌ವಾಚು. ಒಂದು ಪ್ರೆಸ್ ನಿಂತಿತೆಂದರೆ ಓಡುತ್ತ ಬಂದು ಅದರ ಮುಂದೆ ನಿಂತು ಗಡಿಯಾರ ಒತ್ತುತ್ತಿದ್ದರು. ನಾವು ರಿಪೇರಿ ಮಾಡುವಷ್ಟು ಹೊತ್ತೂ ಅದು ನಮ್ಮ ಕಿವಿಯ ಪಕ್ಕ ಟಿಕ್ ಟಿಕ್ ಎನ್ನುತ್ತಿತ್ತು. ಹತ್ತರಲ್ಲಿ ಐದು ಸಲ ಕಾರಣ ಲಿಮಿಟ್ ಸ್ವಿಚ್ಚೇ ಆಗಿರುತ್ತಿದ್ದುದರಿಂದ ಅವರು ಅದನ್ನು ವೈಯಕ್ತಿಕ ಅವಮಾನವೆಂದು ತೆಗೆದುಕೊಂಡಿದ್ದರು.

“ಇಷ್ಟ್ ದೊಡ್ಡ ಪ್ರೆಸ್ಸನ್ನ ಇಷ್ಟೇ ಇಷ್ಟ್ ಚಿಲ್ರೆ ಸ್ವಿಚ್ ನಿಲ್ಲಿಸ್ಬಿಡುತ್ತಾ?” ಎಂದು ಕೇಳುತ್ತಿದ್ದರು.

“ನಿಲ್ಸೋದೇ ಅದರ ಕೆಲ್ಸ ಸಾರ್,” ಎಂದರೆ ಎದುರುತ್ತರ ಕೊಟ್ಟ ಹಾಗಾಗುತ್ತಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಪ್ರೆಸ್ಸಿಗೆ ಹಾಕುವ ಅಚ್ಚುಗಳು ಭಾರಿ ತೂಕದವು. ಅವನ್ನು ಎತ್ತಿಡಲು ಛಾವಣಿಯ ಕೆಳಗೆ ಹಳಿಗಳ ಮೇಲೆ ಓಡಾಡುವ ಕ್ರೇನ್ ಇತ್ತು. ಅದರ ಆಪರೇಟರ್ ಜೋಗುಪಾಳ್ಯದ ಆರೋಗ್ಯಸ್ವಾಮಿ. ನನ್ನ ವಾರಿಗೆಯವನು. ದಿನಾ ಹಲಸೂರಿನಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಚರ್ಚಿನಲ್ಲಿ ಹಾಡುವವನು. ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತರೆ ಮೇಲಿಂದಲೂ ಹಾಡು ಕೇಳಿಸುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದರೆ ಅಷ್ಟು ದೊಡ್ಡ ಅಚ್ಚನ್ನು ಆ ಗೆರೆಗೆ ಸರಿಯಾಗಿ, ಸದ್ದಿಲ್ಲದೆ ಇಳಿಸುತ್ತಿದ್ದ. ಅವನಿಗೆ ಅದರ ಜಂಬವೂ ಇತ್ತು, ಇರಬೇಕಾದದ್ದೇ.

ಕ್ರೇನಿನ ಕೊಕ್ಕೆ ಮೇಲೇರುತ್ತ ಹೋದರೆ ಕೊನೆಗೆ ಹಗ್ಗ ಸುತ್ತುವ ಡ್ರಮ್ಮಿಗೆ ಹೊಡೆಯುತ್ತದೆ. ಹೊಡೆಯುವ ಮೊದಲೇ ಮೋಟಾರ್ ನಿಲ್ಲಿಸಲು ಮೇಲೊಂದು ಲಿಮಿಟ್ ಸ್ವಿಚ್ ಇರುತ್ತದೆ. ಅದರೊಳಗೆ ಎರಡು ಜೊತೆ ಕಾಂಟ್ಯಾಕ್ಟ್‌ಗಳು. ಒಂದು ಜೊತೆ ಸದಾ ಕೂಡಿಕೊಂಡಿರುತ್ತದೆ, ಸ್ವಿಚ್ ಒತ್ತಿದಾಗ ಬಿಡುತ್ತದೆ. ಇನ್ನೊಂದು ಸದಾ ಬಿಟ್ಟುಕೊಂಡಿರುತ್ತದೆ, ಒತ್ತಿದಾಗ ಕೂಡುತ್ತದೆ. ಮೇಲೇರಿಸುವ ಕರೆಂಟನ್ನು ಯಾವಾಗಲೂ ಮೊದಲನೆಯ ಜೊತೆಯ ಮೂಲಕ ಹಾಯಿಸಬೇಕು. ಆಗ ಕೊಕ್ಕೆ ಸ್ವಿಚ್ಚನ್ನು ಒತ್ತಿದರೂ ಮೋಟಾರ್ ನಿಲ್ಲುತ್ತದೆ, ವೈರ್ ಕಡಿದುಹೋದರೂ ನಿಲ್ಲುತ್ತದೆ.

ಇದು ನನಗೆ ಗೊತ್ತಿರಲಿಲ್ಲವೇ? ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೆ ಅಂದು ಆ ಮೊದಲನೆಯ ಜೊತೆ ಸುಟ್ಟು ಕರಿಯಾಗಿತ್ತು. ಹೊಸ ಸ್ವಿಚ್ ಬರಲು ಒಂದು ವಾರ ಬೇಕೆಂದರು ಸ್ಟೋರಿನವರು. ಬಸಲಿಂಗಪ್ಪನವರು ರಜೆಯಲ್ಲಿದ್ದರು. ಕೆಳಗೆ ಶೇಷಗಿರಿಯವರ ಗಡಿಯಾರ ಓಡುತ್ತಿತ್ತು. ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಚೆನ್ನಾಗಿದ್ದ ಎರಡನೆಯ ಜೊತೆಗೆ ವೈರ್ ಹಾಕಿ, ನಡುವೆ ರಿಲೇ ಎಂಬ, ಕರೆಂಟಿನಿಂದ ನಡೆಯುವ ಒಂದು ಸ್ವಿಚ್ ಕೂರಿಸಿದೆ. ಸ್ವಿಚ್ ಒತ್ತಿದರೆ ರಿಲೇ ಎಳೆದುಕೊಂಡು ಮೋಟಾರ್ ನಿಲ್ಲಿಸುತ್ತದೆ. ಕೊಕ್ಕೆಯನ್ನು ಮೇಲೇರಿಸಿ ನೋಡಿದೆವು, ಸರಿಯಾಗಿ ನಿಂತಿತು. ಶೇಷಗಿರಿಯವರು ಗಡಿಯಾರ ನಿಲ್ಲಿಸಿ, “ನೋಡು, ಮನಸ್ಸು ಮಾಡಿದ್ರೆ ನಿಮ್ಗೂ ಬರುತ್ತೆ,” ಎಂದರು. ಮೂವತ್ತು ಚಿಲ್ಲರೆ ವರ್ಷದ ನನ್ನ ನೌಕರಿಯಲ್ಲಿ ಅವರ ಬಾಯಿಂದ ನನಗೆ ಸಿಕ್ಕ ಏಕೈಕ ಮೆಚ್ಚುಗೆ ಅದು. ಸಿಕ್ಕಿದ್ದು ನನ್ನ ಅತ್ಯಂತ ಕೆಟ್ಟ ಕೆಲಸಕ್ಕೆ.

ಹೊಸ ಸ್ವಿಚ್ ಬಂದು ಸ್ಟೋರಿನಲ್ಲೇ ಕೂತಿತು. ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂದು ನಾನೂ ಸುಮ್ಮನಾದೆ. ಕ್ರೇನಿನ ಅಲುಗಾಟಕ್ಕೆ ಒಂದು ಸ್ಕ್ರೂ ಸಡಿಲವಾಗಿ ವೈರ್ ಹೊರಬಂತು. ಅದು ಹೊರಬಂದದ್ದು ಯಾರಿಗೂ ತಿಳಿಯಲಿಲ್ಲ, ಏಕೆಂದರೆ ನನ್ನ ಬುದ್ಧಿವಂತಿಕೆಯಲ್ಲಿ ವೈರ್ ಹೋದರೂ ಕ್ರೇನ್ ಓಡುತ್ತಲೇ ಇರುತ್ತಿತ್ತು. ಒಂದು ಬೆಳಗ್ಗೆ, ಚಹಾ ಮುಗಿದ ಮೇಲೆ, ಆರೋಗ್ಯಸ್ವಾಮಿ ಖಾಲಿ ಕೊಕ್ಕೆಯನ್ನು ಮೇಲೆತ್ತಿದ. ಅದು ನಿಲ್ಲಲಿಲ್ಲ. ಡ್ರಮ್ಮಿಗೆ ಹೊಡೆಯಿತು, ಹಗ್ಗ ಕಡಿಯಿತು, ಕೊಕ್ಕೆ ಬಂದು ಗಿರಾಕಿಗಳಿಗೆ ತೋರಿಸಲು ಜೋಡಿಸಿಟ್ಟ ಬಾಗಿಲುಗಳ ಮೇಲೆ ಬಿತ್ತು. ಅರ್ಧ ನಿಮಿಷ ಮೊದಲು ಇಬ್ಬರು ಹೆಂಗಸರು ಅಲ್ಲಿ ಕೂತು ಅವುಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಬಕೆಟ್ಟಿನಲ್ಲಿ ನೀರು ಮುಗಿದು ನಲ್ಲಿಯ ಕಡೆ ಹೋಗಿದ್ದರಿಂದ ಉಳಿದರು.

ಆರೋಗ್ಯಸ್ವಾಮಿ ಏಣಿ ಇಳಿದು ಬಂದ.

“ಸ್ವಿಚ್ ಕಟ್ ಆಗ್ಲಿಲ್ಲ ಸಾರ್. ಸತ್ಯವಾಗ್ಲೂ ಕಟ್ ಆಗ್ಲಿಲ್ಲ.”

“ಸ್ವಿಚ್ಚಿಗೆ ಕಣ್ಣಿಲ್ಲಪ್ಪ, ನಿನಗಿದೆಯಲ್ಲ?” ಎಂದರು ಶೇಷಗಿರಿ. “ಹಾಡು ಹೇಳ್ಕೊಂಡು ಕೂತಿದ್ರೆ ಕೊಕ್ಕೆ ಹೇಗ್ ಕಾಣುತ್ತೆ?”

ನಾನು ಹತ್ತು ಅಡಿ ದೂರದಲ್ಲಿ ನಿಂತಿದ್ದೆ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಅವರು ಆಫೀಸಿಗೆ ಹೋಗಿ ವರದಿ ಟೈಪ್ ಮಾಡಿಸಿ ಕಳಿಸಿಬಿಟ್ಟರು: ಆಪರೇಟರನ ಅಜಾಗರೂಕತೆ.

ಬಸಲಿಂಗಪ್ಪನವರು ಮಧ್ಯಾಹ್ನ ಮೇಲೆ ಹತ್ತಿ ನೋಡಿ ಬಂದರು. ನನ್ನನ್ನು ಪ್ಯಾನೆಲ್ಲಿನ ಹಿಂದೆ ಕರೆದು ಕೇಳಿದರು.

“ಇದು ಯಾರ ಶಾಣ್ಯಾತನ?”

“ನಂದು ಸಾರ್.”

“ವಾಯರ್ ಕಡಿದ್ರ ಮಷೀನ್ ನಿಂದ್ರಬೇಕೋ, ಓಡಬೇಕೋ?”

“ನಿಲ್ಬೇಕು ಸಾರ್.”

“ಗೊತ್ತಿದ್ದೂ ಮಾಡಿದಿ. ಗೊತ್ತಿಲ್ದಾಂವ ಮಾಡಿದ್ರ ನಾ ಇಷ್ಟು ಬೇಜಾರ ಆಗ್ತಿರಲಿಲ್ಲ.”

ಸ್ಟೋರಿನಲ್ಲಿದ್ದ ಹೊಸ ಸ್ವಿಚ್ಚನ್ನು ಸರಿಯಾಗಿ ಹಾಕಿಸಿ, ಅವರು ಹೋಗಿ ಶೇಷಗಿರಿಯವರಿಗೆ ಸ್ವಿಚ್ಚಿನ ವೈರಿಂಗ್ ತಪ್ಪಿತ್ತು ಎಂದರು. ವರದಿ ಮೇಲೆ ಹೋಗಿಯಾಗಿದೆ, ಈಗ ತಿದ್ದಿದರೆ ಎಲ್ಲರಿಗೂ ಕೆಟ್ಟ ಹೆಸರು ಎಂದು ಉತ್ತರ ಬಂತು. ಬಸಲಿಂಗಪ್ಪನವರು ನನ್ನ ಮುಂದೆ ಬಂದು ನಿಂತು, “ನಾ ಹೇಳೋದು ಹೇಳಿದೆ. ಉಳಿದದ್ದು ನಿನ್ನ ಬಾಯಾಗೈತಿ,” ಎಂದರು. ನನ್ನ ಬಾಯಲ್ಲೇ ಉಳಿಯಿತು. ಆರೋಗ್ಯಸ್ವಾಮಿಯನ್ನು ಕ್ರೇನಿನಿಂದ ಇಳಿಸಿ ನಾಲ್ಕನೇ ನಂಬರಿನ ಪ್ರೆಸ್ಸಿಗೆ ಹಾಕಿದರು. ಬಸ್ಸಿನಲ್ಲಿ ಅವನ ಪಕ್ಕ ಜಾಗವಿದ್ದರೂ ನಾನು ನಿಂತೇ ಹೋಗತೊಡಗಿದೆ. ಅವನು ಬ್ಯಾಗು ತೆಗೆದು ಜಾಗ ಮಾಡಿ, “ಬಾ ಪಿಳ್ಳರಾಜು, ಕೂತ್ಕೋ,” ಎನ್ನುತ್ತಿದ್ದ. ಬೆನ್ನುನೋವು ಎಂದು ನಾನು ಸುಳ್ಳು ಹೇಳುತ್ತಿದ್ದೆ. ಬೆನ್ನು ನೋವಿದ್ದವನು ನಿಂತುಕೊಂಡು ಯಾಕೆ ಹೋಗುತ್ತಾನೆ ಎಂದು ಅವನು ಕೇಳಲಿಲ್ಲ.

ಇನ್ನು ಪ್ರೆಸ್ಸುಗಳ ಕಥೆ. ಪ್ರತಿ ಪ್ರೆಸ್ಸಿಗೂ ಮುಂದೆ ಜಾಲರಿಯ ಗೇಟು. ಗೇಟು ಮುಚ್ಚಿದರೆ ಅದು ಲಿಮಿಟ್ ಸ್ವಿಚ್ಚಿನ ಚಕ್ರವನ್ನು ಒತ್ತುತ್ತದೆ, ಆಗ ಮಾತ್ರ ಪ್ರೆಸ್ ಇಳಿಯುತ್ತದೆ. ಕೈ ಒಳಗಿದ್ದಾಗ ಇಳಿಯದಿರಲಿ ಎಂದು ಈ ಏರ್ಪಾಡು. ಆದರೆ ಪ್ರತಿ ಸಲ ಗೇಟು ತೆಗೆದು ಮುಚ್ಚಲು ಕೆಲವು ಕ್ಷಣ ಬೇಕು, ಶೇಷಗಿರಿಯವರ ಗಡಿಯಾರ ಆ ಕ್ಷಣಗಳನ್ನೆಲ್ಲ ಸೇರಿಸಿ ದಿನದ ಕೊನೆಗೆ ಬಾಗಿಲುಗಳ ಲೆಕ್ಕದಲ್ಲಿ ಹೇಳುತ್ತಿತ್ತು. ಅವರು ಯಾರಿಗೂ ಸ್ವಿಚ್ ಕಟ್ಟಿಹಾಕಿ ಎಂದು ಬಾಯಿಬಿಟ್ಟು ಹೇಳಿದವರಲ್ಲ. “ಪಕ್ಕದ ಪ್ರೆಸ್ಸಲ್ಲಿ ಜಾಸ್ತಿ ಬರ್ತಿದೆಯಲ್ಲ, ನಿಂಗೇನಾಗಿದೆ?” ಎಂದಷ್ಟೇ ಕೇಳಿ ಮುಂದೆ ಹೋಗುತ್ತಿದ್ದರು.

ಉಳಿದದ್ದನ್ನು ಆಪರೇಟರುಗಳು ಅರ್ಥ ಮಾಡಿಕೊಂಡರು. ಒಬ್ಬ ಚಕ್ರವನ್ನು ತಂತಿಯಿಂದ ಬಿಗಿದ. ಇನ್ನೊಬ್ಬ ಸೈಕಲ್ ಟ್ಯೂಬಿನ ತುಂಡು ಸುತ್ತಿದ. ಒಂದರಲ್ಲಿ ಐಸ್‌ಕ್ರೀಮ್ ಕಡ್ಡಿ, ಒಂದರಲ್ಲಿ ಯಾರೋ ತಂಗಿ ಕಟ್ಟಿದ ರಾಖಿ. ರಕ್ಷಣೆಗೆಂದು ಕಟ್ಟಿದ ದಾರ ರಕ್ಷಣೆಯನ್ನೇ ಕಟ್ಟಿಹಾಕಿ ಕೂತದ್ದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾವು ಬಿಚ್ಚುತ್ತಿದ್ದೆವು, ಅವರು ಊಟದ ನಂತರ ಮತ್ತೆ ಕಟ್ಟುತ್ತಿದ್ದರು.

ಹೊರಗಿನಿಂದ ತಪಾಸಣೆಗೆ ಬರುವ ದಿನಗಳಲ್ಲಿ ಮಾತ್ರ ನಮ್ಮ ಕಾರ್ಖಾನೆಯಷ್ಟು ಸುರಕ್ಷಿತ ಜಾಗ ಪ್ರಪಂಚದಲ್ಲೇ ಇರಲಿಲ್ಲ. ಗೇಟಿನ ವಾಚ್‌ಮನ್ ಫೋನ್ ಮಾಡಿ “ನೆಂಟರು ಬಂದ್ರು” ಎಂದರೆ ಸಾಕು, ಹತ್ತು ನಿಮಿಷದಲ್ಲಿ ತಂತಿ, ಟ್ಯೂಬು, ಕಡ್ಡಿ ಎಲ್ಲ ಒಂದು ಡಬ್ಬಿ ಸೇರುತ್ತಿದ್ದವು. ಒಮ್ಮೆ ಬಂದ ತಪಾಸಣೆಯವರಿಗೆ ಶೇಷಗಿರಿಯವರೇ ಗೇಟು ತೆಗೆದು ತೋರಿಸಿದರು. ಪ್ರೆಸ್ ನಿಂತಿತು. ತಪಾಸಣೆಯವರು ಚಪ್ಪಾಳೆ ತಟ್ಟಿದರು. “ನಮ್ಮಲ್ಲಿ ಮೊದಲು ಮನುಷ್ಯ, ಆಮೇಲೆ ಪ್ರೊಡಕ್ಷನ್,” ಎಂದರು ಶೇಷಗಿರಿ. ಆ ಮಾತನ್ನು ಬೋರ್ಡಿನಲ್ಲಿ ಬರೆಸಿ ಬಾಗಿಲ ಮೇಲೆ ತೂಗುಹಾಕಿದರು. ನೆಂಟರು ಊಟ ಮಾಡಿ ಹೋದ ಮೇಲೆ ಡಬ್ಬಿ ಮತ್ತೆ ಖಾಲಿಯಾಯಿತು.

ಇಡೀ ಷಾಪಿನಲ್ಲಿ ಸ್ವಿಚ್ ಕಟ್ಟದೆ ಕೆಲಸ ಮಾಡುತ್ತಿದ್ದವನು ಆರೋಗ್ಯಸ್ವಾಮಿ ಒಬ್ಬನೇ. ಕ್ರೇನಿನ ಘಟನೆಯಾದ ಮೇಲೆ ಅವನು ಹಾಡುವುದನ್ನು ಬಿಟ್ಟಿದ್ದ. ಶೇಷಗಿರಿ ಬೈದರೆ, “ಆಗ್ಲಿ ಸಾರ್, ನಂದು ನಿಧಾನ,” ಎನ್ನುತ್ತಿದ್ದ.

ಬಸಲಿಂಗಪ್ಪನವರು ನಿವೃತ್ತರಾದ ದಿನ ಹಾರ, ಭಾಷಣ ಎಲ್ಲ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“ಆರೋಗ್ಯಸ್ವಾಮಿಗೆ ಹೇಳಿದೇನು?”

“ಇನ್ನೂ ಇಲ್ಲ ಸಾರ್.”

“ಹೇಳೂದಿಲ್ಲ ಬಿಡು ನೀ,” ಎಂದು ಹಾರವನ್ನು ಕುರ್ಚಿಯ ಮೇಲಿಟ್ಟು ಹೊರಟೇಹೋದರು.

ಎರಡು ಸಾವಿರ ಇಸವಿ ದಾಟಿದ ಮೇಲೆ ನಮ್ಮಲ್ಲಿಗೆ ಹೊಸ ಯುಗ ಬಂತು. ಪ್ರೆಸ್ಸುಗಳ ರಿಲೇ ಪ್ಯಾನೆಲ್ ಕಿತ್ತು ಅದರ ಜಾಗದಲ್ಲಿ ಪಿಎಲ್‌ಸಿ ಎಂಬ ಕಂಪ್ಯೂಟರ್ ಡಬ್ಬಿ ಇಟ್ಟರು. ಯಂತ್ರ ಹೇಗೆ ನಡೆಯಬೇಕೆಂಬುದು ಇನ್ನು ವೈರುಗಳ ಬದಲು ಅದರೊಳಗಿನ ಪ್ರೋಗ್ರಾಮಿನಲ್ಲಿರುತ್ತದೆ. ಗೇಟಿನ ಲಿಮಿಟ್ ಸ್ವಿಚ್ಚುಗಳನ್ನೂ ತೆಗೆದು, ಮುಟ್ಟದೆಯೇ ಲೋಹವನ್ನು ಗುರುತಿಸುವ ಸೆನ್ಸರುಗಳನ್ನು ಹಾಕಿದರು. ಶೇಷಗಿರಿಯವರ ಸಂಭ್ರಮ ಹೇಳತೀರದು. “ಇನ್ನು ಯಾರೂ ತಂತಿ ಕಟ್ಟೋ ಹಾಗಿಲ್ಲ ನೋಡಿ,” ಎಂದರು. ಮೂರನೇ ದಿನಕ್ಕೇ ಒಬ್ಬ ಆಪರೇಟರ್ ಸೆನ್ಸರಿನ ಮೂತಿಗೆ ಒಂದು ಕಬ್ಬಿಣದ ವಾಷರ್ ಅಂಟಿಸಿದ. ವಾಷರನ್ನೇ ಗೇಟೆಂದು ತಿಳಿದು ಸೆನ್ಸರ್ ತೃಪ್ತಿಯಿಂದ ಕೂತಿತು. ಹಳೆಯದಕ್ಕೆ ಒಂದು ಮೊಳ ತಂತಿಯಾದರೂ ಬೇಕಿತ್ತು.

ಅದಲ್ಲದೆ ಪ್ರೆಸ್ಸಿನ ಅದುರುವಿಕೆಗೆ ಸೆನ್ಸರನ್ನು ಕೂರಿಸಿದ್ದ ತಗಡಿನ ಹಿಡಿಕೆ ಅಲುಗಿ, ಗೇಟು ಮುಚ್ಚಿದ್ದರೂ ತೆರೆದಿದೆ ಎಂದು ಪ್ರೆಸ್ ಪದೇ ಪದೇ ನಿಲ್ಲತೊಡಗಿತು. ದಪ್ಪ ಹಿಡಿಕೆ ಹಾಕಬೇಕು, ಒಂದು ದಿನ ಪ್ರೆಸ್ ಬಿಟ್ಟುಕೊಡಿ ಎಂದು ಬರೆದುಕೊಟ್ಟೆ. ದಿನ ಸಿಗಲಿಲ್ಲ. ಆದರೆ ಒಂದು ವಾರದ ನಂತರ ಪ್ರೆಸ್ಸುಗಳು ತಾವಾಗಿಯೇ ನಿಲ್ಲುವುದನ್ನು ಬಿಟ್ಟವು. ಹಿಡಿಕೆ ತಾನಾಗಿಯೇ ಕೂತುಕೊಂಡಿತೇನೋ ಎಂದು ನಾನು ಹೆಡ್ಡನಂತೆ ನಂಬಿದೆ. ಗೇಟು ತೆಗೆದು ಪರೀಕ್ಷಿಸಬೇಕಿತ್ತು, ಪರೀಕ್ಷಿಸಲಿಲ್ಲ. ಇದು ನನ್ನ ಎರಡನೇ ತಪ್ಪು.

ಆರೋಗ್ಯಸ್ವಾಮಿಯ ಪ್ರೆಸ್ಸಿನಲ್ಲಿ ಒಂದು ತಗಡು ಅಚ್ಚಿಗೆ ಸಿಕ್ಕಿಕೊಂಡಿತು. ಅವನು ನಿಯಮದಂತೆ ಗೇಟು ತೆಗೆದ. ಗೇಟು ತೆಗೆದರೆ ಪ್ರೆಸ್ ಇಳಿಯುವುದಿಲ್ಲ ಎಂದು ನಂಬಿ ಉದ್ದನೆಯ ಇಕ್ಕಳ ಹಾಕಿ ಎಳೆಯತೊಡಗಿದ. ಪ್ರೆಸ್ ಇಳಿಯಿತು. ಇಕ್ಕಳ ಅಪ್ಪಳದಂತೆ ಚಪ್ಪಟೆಯಾಯಿತು, ಅದರ ಹಿಡಿ ಸಿಡಿದು ಅವನ ಮಣಿಕಟ್ಟಿನ ಮೂಳೆ ಮುರಿಯಿತು. ಕೈ ಹಾಕುವ ಅಭ್ಯಾಸದವನಾಗಿದ್ದರೆ ಕೈಯೇ ಹೋಗುತ್ತಿತ್ತು. ಅವನನ್ನು ಹಲಸೂರಿನ ನರ್ಸಿಂಗ್ ಹೋಮಿಗೆ ಕಳಿಸಿ ನಾನು ಪ್ಯಾನೆಲ್ ತೆಗೆದೆ.

ಪಿಎಲ್‌ಸಿಯ ಮುಖದಲ್ಲಿ ಪ್ರತಿ ಸ್ವಿಚ್ಚಿಗೂ ಒಂದೊಂದು ಹಸಿರು ದೀಪ ಇರುತ್ತದೆ. ಗೇಟು ತೆಗೆದೆ, ದೀಪ ಆರಿತು. ಮುಚ್ಚಿದೆ, ಹತ್ತಿತು. ಸೆನ್ಸರ್ ಸರಿಯಿತ್ತು, ವೈರ್ ಸರಿಯಿತ್ತು. ಗೇಟು ತೆರೆದಿದೆ ಎಂಬುದು ಡಬ್ಬಿಗೆ ತಿಳಿಯುತ್ತಿತ್ತು. ತಿಳಿದೂ ಅದು ಸುಮ್ಮನಿತ್ತು. ತಂತಿ ಕಟ್ಟಿದ್ದರೆ ಕಣ್ಣಿಗೆ ಕಾಣುತ್ತದೆ, ಬಿಚ್ಚಬಹುದು. ಇದನ್ನು ಯಾರೋ ಒಳಗೇ ಕಟ್ಟಿದ್ದರು.

ಪ್ರೋಗ್ರಾಮ್ ಬರೆದದ್ದು ಇಂದಿರಾನಗರದ ಒಂದು ಸಣ್ಣ ಕಂಪನಿಯ ಲಾವಣ್ಯ ಎಂಬ ಎಂಜಿನಿಯರ್. ಮರುದಿನ ರಜೆ ಹಾಕಿ ಅವರ ಆಫೀಸಿಗೆ ಹೋದೆ. ಆಕೆ ಲ್ಯಾಪ್‌ಟಾಪ್ ತೆರೆದು ನೋಡಿದವರು ಹಾಗೆಯೇ ಕುರ್ಚಿಗೆ ಒರಗಿದರು.

“ಇದಿನ್ನೂ ತೆಗ್ದಿಲ್ವಾ? ಟ್ರಯಲ್‌ಗೆ ಎರಡೇ ದಿನ ಅಂತ ಹೇಳಿದ್ರು ಸಾರ್. ಆಮೇಲೆ ನಾನ್ ಎರಡ್ ಸಲ ಫೋನ್ ಮಾಡಿದೀನಿ. ಬರ್ಬೇಡಿ, ನಾವೇ ನೋಡ್ಕೋತೀವಿ ಅಂದ್ರು.”

“ಯಾರಮ್ಮ ಹೇಳಿದ್ದು?”

ಆಕೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಪ್ರೋಗ್ರಾಮಿನ ಪ್ರತಿ ಸಾಲಿನ ಪಕ್ಕದಲ್ಲೂ ಅದು ಯಾಕಿದೆಯೆಂದು ಟಿಪ್ಪಣಿ ಬರೆಯುವುದು ಅವರ ಶಿಸ್ತು. ಗೇಟಿನ ಸಾಲಿನ ಪಕ್ಕ ಇಂಗ್ಲಿಷಿನಲ್ಲಿ ಹೀಗಿತ್ತು: ತಾತ್ಕಾಲಿಕವಾಗಿ ನಿಷ್ಕ್ರಿಯ, ಶೇಷಗಿರಿ ಸರ್ ಹೇಳಿದಂತೆ.

“ಇದನ್ನ ಪ್ರಿಂಟ್ ಹಾಕ್ಕೊಡ್ತೀರಾ?”

“ನಂಗೂ ಪ್ರಾಬ್ಲಮ್ ಆಗುತ್ತೆ ಸಾರ್. ಮಾಡ್ಬಾರ್ದಿತ್ತು ನಾನು.” ಆದರೂ ಪ್ರಿಂಟ್ ಹಾಕಿ, ಕೆಳಗೆ ತಾವೇ ಸಹಿ ಮಾಡಿ ಕೊಟ್ಟರು. ಆ ಒಂದು ಕ್ಷಣದಲ್ಲಿ ಆಕೆ ಮಾಡಿದ್ದನ್ನು ನಾನು ಹತ್ತು ವರ್ಷದಲ್ಲಿ ಮಾಡಿರಲಿಲ್ಲ.

ಅಲ್ಲಿಂದ ನೇರ ಜೋಗುಪಾಳ್ಯಕ್ಕೆ ನಡೆದೆ. ಆರೋಗ್ಯಸ್ವಾಮಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಕೂತಿದ್ದ. ಅವನ ಹೆಂಡತಿ ಸ್ಟೆಲ್ಲಾ ಕುರ್ಚಿ ಹಾಕಿದಳು. ನಾನು ಕಾಗದ ತೋರಿಸಿ, ಇದು ನಿನ್ನ ತಪ್ಪಲ್ಲ ಎಂದೆ. ಅವನು ತಲೆಯಾಡಿಸಿದ.

“ಇಲ್ಲ ಪಿಳ್ಳರಾಜು, ನನ್ ಕೈಗುಣಾನೇ ಸರಿ ಇಲ್ಲ. ಕ್ರೇನಲ್ಲೂ ಹಿಂಗೇ ಆಯ್ತು. ಅವತ್ತು ನಾನು ತಲೆ ಎತ್ತಿ ನೋಡಿದ್ರೆ ಆಗ್ತಿರ್ಲಿಲ್ಲ. ಆ ಇಬ್ರು ಹೆಂಗಸ್ರು ಇವತ್ತಿಗೂ ಕನಸಲ್ಲಿ ಬರ್ತಾರೆ.”

ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ. ಸುಟ್ಟ ಕಾಂಟ್ಯಾಕ್ಟು, ರಿಲೇ, ಸಡಿಲವಾದ ಸ್ಕ್ರೂ, ಸ್ಟೋರಿನಲ್ಲೇ ಉಳಿದ ಹೊಸ ಸ್ವಿಚ್ಚು, ನನ್ನ ಬೆನ್ನುನೋವು. ಮುಗಿದ ಮೇಲೆ ಅವನು ಕೇಳಿದ:

“ಫಾದರ್ ಹತ್ರ ಎಷ್ಟ್ ಸಲ ಹೇಳ್ಕೊಂಡಿದೀನಿ ಗೊತ್ತಾ ನಾನು? ಪ್ರತಿ ಈಸ್ಟರ್‌ಗೂ. ಫಾದರ್, ನನ್ನ ಅಜಾಗ್ರತೆಯಿಂದ ಇಬ್ರು ಸಾಯ್ತಿದ್ರು ಅಂತ. ಹತ್ ವರ್ಷ ನಿನ್ ಪಾಪಾನ ನಾನು ಒಪ್ಕೊಂಡಿದೀನಿ ಕಣೋ. ಫಾದರಿಗೇ ಸಾಕಾಗಿ, ಹಳೇದನ್ನ ಬಿಡಪ್ಪ ಅಂತಿದ್ರು.”

ಸ್ಟೆಲ್ಲಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

“ಎನ್ಕ್ವೈರೀಲಿ ಹೇಳ್ತೀಯಾ?” ಎಂದ ಆರೋಗ್ಯಸ್ವಾಮಿ.

“ಹೇಳ್ತೀನಿ.”

“ಎರಡನ್ನೂ?”

“ಎರಡನ್ನೂ.”

“ಸರಿ, ಎದ್ದು ಹೋಗು. ಇನ್ನು ಸ್ವಲ್ಪ ಹೊತ್ತು ಕೂತ್ರೆ ಈ ಪ್ಲಾಸ್ಟರಲ್ಲೇ ನಿಂಗೆ ಬಾರಿಸ್ತೀನಿ.”

ವಿಚಾರಣೆಗೆ ಜನರಲ್ ಮ್ಯಾನೇಜರ್, ಪರ್ಸೊನೆಲ್ ಆಫೀಸರ್, ಶೇಷಗಿರಿ ಮೂವರೂ ಮೇಜಿನ ಒಂದೇ ಕಡೆ ಕೂತಿದ್ದರು, ಎದುರಿಗೆ ಆರೋಗ್ಯಸ್ವಾಮಿ ಮತ್ತು ನಾನು. ತಪ್ಪಿತಸ್ಥ ಯಾರೆಂಬುದು ಕುರ್ಚಿ ಜೋಡಿಸುವಾಗಲೇ ತೀರ್ಮಾನವಾದ ಹಾಗಿತ್ತು. ಶೇಷಗಿರಿಯವರು ಶುರು ಮಾಡಿದರು: ಈ ಆಪರೇಟರಿಗೆ ಇತಿಹಾಸವಿದೆ, ಹಿಂದೆ ಕ್ರೇನಿನ ಕೊಕ್ಕೆ ಕೆಡವಿದವನು ಇವನೇ.

“ಸಾರ್, ಆ ಕೊಕ್ಕೆ ಕೆಡವಿದ್ದು ನಾನು,” ಎಂದೆ.

ಪರ್ಸೊನೆಲ್ ಆಫೀಸರ್ ಬರೆಯುವುದನ್ನು ನಿಲ್ಲಿಸಿದರು. ನಾನು ಉಸಿರು ತೆಗೆದುಕೊಳ್ಳದೆ ಹೇಳಿ ಮುಗಿಸಿದೆ. ಶೇಷಗಿರಿಯವರ ಮುಖ ಅರಳಿತು.

“ನೋಡಿ ಸಾರ್, ಇವರೇ ಒಪ್ಕೋತಿದಾರೆ! ಮೆಂಟೆನೆನ್ಸ್ ಹೇಗಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?”

“ಬೇಕಾಗುತ್ತೆ ಸಾರ್,” ಎಂದು ಲಾವಣ್ಯ ಕೊಟ್ಟ ಹಾಳೆಯನ್ನು ಜನರಲ್ ಮ್ಯಾನೇಜರ್ ಮುಂದಿಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಶೇಷಗಿರಿ, ಇದರಲ್ಲಿ ನಿಮ್ಮ ಹೆಸರಿದೆಯಲ್ಲ?”

“ತಾತ್ಕಾಲಿಕ ಅಂತಾನೂ ಇದೆ ಸಾರ್,” ಎಂದರು ಶೇಷಗಿರಿ.

ಆ ಮನುಷ್ಯನ ಬಗ್ಗೆ ನನಗೆ ಏನೇ ಸಿಟ್ಟಿರಲಿ, ಆ ಉತ್ತರದ ಮುಂದೆ ತಲೆಬಾಗಿದ್ದೇನೆ.

ಫಲಿತಾಂಶ ನೀವು ಊಹಿಸಬಹುದು. ನನಗೆ ಹತ್ತು ವರ್ಷದ ಹಿಂದಿನ ತಪ್ಪಿಗೆ ಚಾರ್ಜ್‌ಶೀಟು, ಹದಿನೈದು ದಿನ ಸಸ್ಪೆಂಡು. ಆರೋಗ್ಯಸ್ವಾಮಿಯ ಕಡತದಿಂದ ‘ಅಜಾಗರೂಕತೆ’ ಎಂಬ ಪದವನ್ನು ಎರಡೂ ಕಡೆ ಹೊಡೆದುಹಾಕಿದರು. ಶೇಷಗಿರಿಯವರನ್ನು ಪ್ರೊಡಕ್ಷನ್‌ನಿಂದ ತೆಗೆದರು, ತೆಗೆದು ಸೇಫ್ಟಿ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿದರು. ಮೊದಲ ಭಾಷಣದಲ್ಲಿ ಅವರು ಲಿಮಿಟ್ ಸ್ವಿಚ್ಚಿನ ಮಹತ್ವವನ್ನು ಮುಕ್ಕಾಲು ಗಂಟೆ ವಿವರಿಸಿದರು. ಚೆನ್ನಾಗಿಯೇ ಮಾತಾಡಿದರು.

ಕೆಲಸವಂತೂ ಆಯಿತು. ಪ್ರೋಗ್ರಾಮಿನ ಆ ಸಾಲು ಹೋಯಿತು. ಗೇಟುಗಳಿಗೆ ಮತ್ತೆ ಲಿಮಿಟ್ ಸ್ವಿಚ್ ಬಂತು, ಈ ಸಲ ಬೇರೆ ರೀತಿಯಲ್ಲಿ. ಗೇಟು ತೆರೆಯುವಾಗಲೇ ಅದು ಚಕ್ರವನ್ನು ಬಲವಾಗಿ ತಳ್ಳಿ ಕಾಂಟ್ಯಾಕ್ಟನ್ನು ಕೀಳುವಂತೆ ಕೂರಿಸಿದೆವು. ಹಾಗೆ ಕೂರಿಸಿದರೆ ಚಕ್ರವನ್ನು ತಂತಿಯಿಂದ ಬಿಗಿದು ಒತ್ತಿಟ್ಟವನ ಪ್ರೆಸ್ ಓಡುವುದೇ ಇಲ್ಲ. ಹೊಸಬರು ಇದೊಂದನ್ನಾದರೂ ಗುರುತು ಹಾಕಿಕೊಳ್ಳಿ.

ಮೂಳೆ ಕೂಡಿದ ಮೇಲೆ ಆರೋಗ್ಯಸ್ವಾಮಿ ಕ್ರೇನ್ ವಾಪಸ್ ಕೇಳಿದ, ಕೊಟ್ಟರು. ಮೊದಲ ದಿನವೇ ಮೇಲಿಂದ ನನ್ನನ್ನು ಕೂಗಿದ. ಹತ್ತಿದೆ.

“ಪವರ್ ಆಫ್ ಮಾಡಿದೀನಿ. ಲಿಮಿಟ್ ಸ್ವಿಚ್ ವೈರ್ ಬಿಚ್ಚು.”

ಬಿಚ್ಚಿದೆ.

“ಈಗ ಬಂದು ನನ್ ಪಕ್ಕ ನಿಂತ್ಕೋ.”

ನಿಂತೆ. 

ಅವನು ಪವರ್ ಹಾಕಿ ಮೇಲೇರಿಸುವ ಹಿಡಿಯನ್ನು ತಿರುಗಿಸಿದ. ಕೊಕ್ಕೆ ಅಲುಗಲಿಲ್ಲ. ಮತ್ತೆ ತಿರುಗಿಸಿದ. ಅಲುಗಲಿಲ್ಲ. ವೈರ್ ಮತ್ತೆ ಹಾಕಿಸಿ, ಖಾಲಿ ಕೊಕ್ಕೆಯನ್ನು ನಿಧಾನವಾಗಿ ಏರಿಸಿದ. ಸ್ವಿಚ್ಚಿಗೆ ತಾಗಿ ಟಕ್ಕೆಂದು ನಿಂತಿತು. “ತಿಂಗ್ಳಿಗೊಂದ್ಸಲ ಬರ್ಬೇಕು ನೀನು,” ಎಂದ. ಪ್ರತಿ ತಿಂಗಳೂ ಹೋದೆ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವನು ನನಗಿಂತ ಮೊದಲು ನಿವೃತ್ತನಾದ. ಕೊನೆಯ ದಿನ, ಪ್ರೆಸ್ಸಿನಿಂದ ಕ್ರೇನಿಗೆ ಬಂದಿದ್ದ ನಡುವಯಸ್ಸಿನ ಆಪರೇಟರೊಬ್ಬರಿಗೆ ಕ್ಯಾಬಿನ್ ಒಪ್ಪಿಸುವಾಗ ಕೆಳಗೆ ನಿಂತಿದ್ದ ನನ್ನತ್ತ ಕೈ ತೋರಿಸಿ ಇಡೀ ಷಾಪಿಗೆ ಕೇಳುವಂತೆ ಹೇಳಿದ:

“ಇವ್ನು ಒಳ್ಳೇ ಎಲೆಕ್ಟ್ರಿಷಿಯನ್ನೇ. ಆದ್ರೆ ಎಲ್ಲ ಸರಿ ಇದೆ ಅಂತ ಇವ್ನು ಹೇಳಿದ್ರೆ ನಂಬ್ಬೇಡಿ. ವೈರ್ ಬಿಚ್ಚಿಸಿ ನೋಡಿ, ಆಮೇಲೆ ನಂಬಿ.”

ಎಲ್ಲರೂ ನಕ್ಕರು. ಹೊಸ ಆಪರೇಟರ್ ನಗಲಿಲ್ಲ. ಕ್ಯಾಬಿನ್ನಿನಿಂದ ಬಗ್ಗಿ, “ಹಂಗಾದ್ರೆ ಈಗ್ಲೇ ಒಂದ್ಸಲ ನೋಡ್ಬಿಡೋಣ, ಬರ್ತೀರಾ?” ಎಂದರು.

ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಏಣಿ ಹತ್ತಿದೆ.